ಪದ್ದಕ್ಕನ ಮೊಲಕ್ಕೆ ಕ್ಯಾರೆಟ್ ತಿನ್ನಿಸಿದವರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಬಂದು ಎರಡು ತಿಂಗಳಾಯಿತು, ಇನ್ನೂ ಇಳಿದಿಲ್ಲ. ಕಾರಣ ಹದಿನಾರು ಪುಟದ ಒಂದು ಮಕ್ಕಳ ಪುಸ್ತಕ. ನುಣುಪು ಕಾಗದ, ದಪ್ಪ ಅಕ್ಷರ, ಮುಖಪುಟದಲ್ಲಿ ಹತ್ತಿಯಷ್ಟು ಬೆಳ್ಳಗಿನ ಒಂದು ಮೊಲ. ಮೊಲಕ್ಕೆ ಕೆಂಪು ಫ್ರಾಕು, ಸೊಂಟಕ್ಕೆ ಏಪ್ರನ್, ಕೈಯಲ್ಲಿ ಬುಟ್ಟಿ ತುಂಬ ಕ್ಯಾರೆಟ್. ಕೆಳಗೆ ‘ಕಥೆ ಹೇಳಿದವರು: ಪದ್ದು’ ಎಂದು ಅಚ್ಚು ಹಾಕಿದ್ದಾರೆ. ಆ ಪದ್ದು ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪದ್ದಕ್ಕ. ಅವಳು ಹೇಳಿದ ಮೊಲ ಜನ್ಮದಲ್ಲಿ ಕ್ಯಾರೆಟ್ಟಿನ ಮುಖ ಕಂಡದ್ದಲ್ಲ.

ನಾನು ಸ್ನೇಹಲತಾ. ಕಿರಿಮಂಜೇಶ್ವರದ ಹೆದ್ದಾರಿಯಿಂದ ಒಳಗೆ, ಪಾರೆಯ ಬುಡದಲ್ಲಿರುವ ಸರಕಾರಿ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಟೀಚರ್. ಪಾರೆ ಎಂದರೆ ಮುರಕಲ್ಲಿನ ಬೋಳು ಗುಡ್ಡ. ಮಳೆ ಹೋದ ಮೇಲೆ ಅದರ ತುಂಬ ಸೊಂಟದೆತ್ತರಕ್ಕೆ ಮುಳಿಹುಲ್ಲು ನಿಲ್ಲುತ್ತದೆ. ಕೋಟೇಶ್ವರದಿಂದ ಬೆಳಗಿನ ಬಸ್ಸು ಹತ್ತಿ ನಾನು ಶಾಲೆ ಮುಟ್ಟುವ ಹೊತ್ತಿಗೆ ಪದ್ದಕ್ಕನ ಅಕ್ಕಿ ತೊಳೆದಾಗಿರುತ್ತದೆ. ನನ್ನನ್ನು ಕಂಡ ಕೂಡಲೇ, “ಬಂದ್ರಿಯಾ ಟೀಚರೇ? ಇವತ್ತ್ ಬಸ್ಸಲ್ ಕೂಕಂಬುಕೆ ಜಾಗ ಸಿಕ್ತಾ?” ಎಂದು ಕೇಳುತ್ತಾಳೆ. ಹದಿನಾಲ್ಕು ವರ್ಷದಿಂದ ಇದೇ ಪ್ರಶ್ನೆ.

ಅವಳಿಗೆ ಈಗ ಐವತ್ತೊಂಬತ್ತು. ಗಿಡ್ಡ ಆಳು, ದೊಡ್ಡ ಗಂಟಲು. ಅನ್ನ ಚೆಲ್ಲಿದ ಮಕ್ಕಳನ್ನು ಅವಳು ಗದರಿಸುವುದು ರಸ್ತೆಯ ಆಚೆಯ ಅಂಗಡಿಗೂ ಕೇಳುತ್ತದೆ. ಇದೇ ಶಾಲೆಯಲ್ಲಿ ಮೂರನೆಯ ಕ್ಲಾಸಿನವರೆಗೆ ಕಲಿತಿದ್ದಾಳೆ. ತನ್ನ ಹೆಸರು ಬರೆಯುತ್ತಾಳೆ, ಬಸ್ಸಿನ ಬೋರ್ಡು ಓದುತ್ತಾಳೆ, ಅದರಿಂದಾಚೆಗೆ ಅಕ್ಷರದ ಗೊಡವೆ ಇಲ್ಲ. ಅವಳ ಬೆರಳ ತುದಿಗಳನ್ನು ಮುಟ್ಟಿದರೆ ಗೆರೆಗಳೇ ಇಲ್ಲ, ನುಣ್ಣಗೆ ಸವೆದಿವೆ. ಆಧಾರ್ ಮಾಡಿಸಲು ಹೋದಾಗ ಯಂತ್ರ ಅವಳ ಬೆರಳನ್ನು ಒಪ್ಪಲೇ ಇಲ್ಲವಂತೆ. “ಸೀಗಡಿ ತಿಂದ್ಕಂಡ್ ಹೋಯ್ತ್” ಎನ್ನುತ್ತಾಳೆ.

ಆ ಮಾತು ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಪದ್ದಕ್ಕನಿಗೆ ಮದುವೆಯಾಗಿ, ಮಗಳು ಅಮಿತಾ ಹುಟ್ಟಿ, ಗಂಡ ಹೋಟೆಲು ಕೆಲಸಕ್ಕೆಂದು ಮುಂಬೈಗೆ ಹೋದ. ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ. ಕಾಗದ ಇಲ್ಲ, ಪತ್ರ ಇಲ್ಲ. ಮನೆಯಲ್ಲಿ ಉಳಿದದ್ದು ಪದ್ದಕ್ಕ, ಅವಳ ತಾಯಿ, ನಾಲ್ಕು ವರ್ಷದ ಮಗು. ಗೋವಾದ ಕಡೆ ಮೀನಿನ ಶೆಡ್ಡುಗಳಲ್ಲಿ ಸೀಗಡಿ ಸುಲಿಯಲು ಹೆಂಗಸರು ಬೇಕೆಂದು ಒಬ್ಬ ಏಜಂಟ ಬಂದ. ಮಗುವನ್ನು ತಾಯಿಯ ಹತ್ತಿರ ಬಿಟ್ಟು ಪದ್ದಕ್ಕ ಹೋದಳು. ಮಳೆಗಾಲ ಮುಗಿದ ಕೂಡಲೇ ಹೋಗುವುದು, ಮುಂದಿನ ಮಳೆ ಹಿಡಿಯುವಾಗ ಬರುವುದು. ನಡುವೆ ಸಿಕ್ಕಿದರೆ ಎರಡು ದಿನ ರಜೆ. ಹೀಗೆ ಎಂಟು ವರ್ಷ.

ಅಮಿತಾ ಅಜ್ಜಿಯನ್ನು ‘ಅಬ್ಬಿ’ ಎಂದು ಕರೆಯಲು ಕಲಿತಳು. ಅಬ್ಬಿ ಎಂದರೆ ನಮ್ಮ ಕಡೆ ತಾಯಿ. ಮನೆಯಲ್ಲಿ ಅಜ್ಜಿ ಮಗಳನ್ನು ‘ಪದ್ದು’ ಎನ್ನುತ್ತಿದ್ದರಿಂದ ಮಗುವೂ ಪದ್ದು ಎಂದೇ ಕರೆಯಿತು. ಸಣ್ಣ ಮಗು ಕರೆದಾಗ ಎಲ್ಲರೂ ನಕ್ಕರು. ಹದಿನೈದಾದಾಗ ಯಾರೂ ನಗಲಿಲ್ಲ. ಈಗ ಅಮಿತಾಗೆ ಮೂವತ್ತೆಂಟು, ಅದೇ ಊರಿನಲ್ಲಿ ಮದುವೆಯಾಗಿದ್ದಾಳೆ, ಗಂಡ ಮಲ್ಪೆಯ ಬೋಟಿನಲ್ಲಿದ್ದಾನೆ, ಮಗಳು ಶ್ರಾವ್ಯ ನನ್ನ ಮೂರನೆಯ ಕ್ಲಾಸಿನಲ್ಲಿದ್ದಾಳೆ. ತಾಯಿಗೆ ಜ್ವರ ಬಂದರೆ ಅಮಿತಾ ಗಂಜಿ ತಂದು ಜಗಲಿಯ ಮೇಲಿಟ್ಟು, “ಪದ್ದು, ಉಣ್” ಎಂದು ಹೇಳಿ ಹೋಗುತ್ತಾಳೆ. ಜಗಳ ಆಡಿದವಳಲ್ಲ. ಆಡಿದ್ದರೆ ಒಂದು ದಿನ ಮುಗಿಯುತ್ತಿತ್ತೋ ಏನೋ.

ಇನ್ನು ಮೊಲದ ವಿಚಾರ. ಶೆಡ್ಡಿಗೆ ಹೋಗುವ ಮೊದಲು, ಹುಡುಗಿಯಾಗಿದ್ದಾಗ, ಪದ್ದಕ್ಕ ತಾಯಿಯ ಜೊತೆ ಪಾರೆಯಲ್ಲಿ ಮುಳಿ ಕೊಯ್ಯುತ್ತಿದ್ದಳು. ಆಗ ಮನೆಯ ಮಾಡಿಗೆ ಮುಳಿಯನ್ನೇ ಹೊದಿಸುತ್ತಿದ್ದರು, ಎಷ್ಟು ಕೊಯ್ದರೂ ಸಾಲದು. ಹುಲ್ಲಿನ ನಡುವೆ ಒಮ್ಮೊಮ್ಮೆ ಅಂಗೈಯಷ್ಟು ದೊಡ್ಡ ಮೊಲದ ಮರಿ ಸಿಗುತ್ತಿತ್ತು. ಕಂದು ಮೈ, ಕಣ್ಣು ಪಿಳಿಪಿಳಿ, ಕತ್ತಿ ಹತ್ತಿರ ಬಂದರೂ ಅಲ್ಲಾಡುವುದಿಲ್ಲ. ತಾಯಿ ಸುತ್ತ ಎಲ್ಲೂ ಇರುವುದಿಲ್ಲ. ಹಾಗೆ ಕಂಡಾಗ ಮುಟ್ಟಬಾರದು, ಎತ್ತಬಾರದು. ಸುತ್ತಲಿನ ಒಂದು ಹಿಡಿ ಮುಳಿಯ ತಲೆಯನ್ನು ಸೇರಿಸಿ ಗಂಟು ಹಾಕಿ, ಅಷ್ಟು ಜಾಗ ಬಿಟ್ಟು ಮುಂದೆ ಕೊಯ್ಯಬೇಕು. ಗಂಟು ಕಂಡರೆ ಹಿಂದೆ ಬರುವ ಹೆಂಗಸರೂ ಬಿಡುತ್ತಾರೆ. ಕೊಯ್ಲು ಮುಗಿದ ಪಾರೆಯಲ್ಲಿ ಅಲ್ಲೊಂದು ಇಲ್ಲೊಂದು ಗಂಟು ಹಾಕಿದ ಹುಲ್ಲು ನಿಂತಿರುತ್ತಿತ್ತು. ಈಗ ಅಡಿಕೆಯವರು, ದನದವರು ಮಿಷನ್ ತಂದು ಒಂದೇ ಬೆಳಿಗ್ಗೆ ಇಡೀ ಪಾರೆ ಬೋಳಿಸುತ್ತಾರೆ. ಮಿಷನ್ನಿಗೆ ಗಂಟು ಕಾಣುವುದಿಲ್ಲ.

ಊಟದ ಸಾಲಿನಲ್ಲಿ ಸಾರು ಬಡಿಸುವಾಗ ಪದ್ದಕ್ಕ ಮಕ್ಕಳಿಗೆ ಹೇಳುತ್ತಿದ್ದ ಕಥೆ ಇದರಿಂದ ಬಂದದ್ದು. ನಾನು ನೂರು ಸಲ ಕೇಳಿದ್ದೇನೆ. ಅದರಲ್ಲಿ ಬರುವ ಬೈಸಾರಿ ಎಂದರೆ ಸಂಜೆ.

“ಒಂದ್ ಮೊಲ ಇದ್ದಿತ್. ಅದ್ಕೊಂದ್ ಮರಿ. ಮರೀನ ಹುಲ್ಲಿನ್ ಮದ್ಯೆ ಕೂರ್ಸಿ, ‘ಮಿಸ್ಕಾಡ್ಬ್ಯಾಡ, ನಾ ಬೈಸಾರಿಗೆ ಬತ್ತೆ’ ಅಂದ್ ಹೇಳಿ ಹೊರಡ್ತ್. ಮರಿ ಕೇಣ್ತ್, ‘ಎಲ್ರ ಅಬ್ಬಿಯೂ ಹತ್ರ ಇರ್ತ್, ನೀ ಎಂತಕ್ಕೆ ಹೋಪ್ದ್?’ ಅಂದ್. ಅಬ್ಬಿ ಹೇಳ್ತ್, ‘ನನ್ ಮೈಗೆ ವಾಸ್ನೆ ಇತ್ತ್ ಮಗಾ, ನಿಂಗಿನ್ನೂ ಇಲ್ಲೆ. ನಾ ಇಲ್ಲೇ ಕೂಕಂಡ್ರೆ ನರಿ ವಾಸ್ನೆ ಹಿಡ್ಕಂಡ್ ಇಲ್ಲಿಗೇ ಬತ್ತ್. ನಾ ದೂರ ಹೋರೆ ನರಿಯೂ ದೂರ ಹೋತ್ತ್.’ ಹಾಂಗೆ ಹೇಳಿ ಓಡ್ತ್. ನರಿ ಹಗಲಿಡೀ ಅದ್ರ ಹಿಂದೆ. ಬೈಸಾರಿಗೆ ಅಬ್ಬಿ ಬಂತ್, ಮರಿಗೆ ಹಾಲ್ ಕೊಡ್ತ್, ಮತ್ತ್ ಹೋಯ್ತ್. ದಿನಾ ಹಾಂಗೇ. ಮರಿ ದೊಡ್ಡದಾಯ್ತ್, ಒಂದಿನ ಅದೂ ಅಬ್ಬಿ ಒಟ್ಟಿಗೆ ಓಡ್ತ್.”

“ಮರಿಗೆ ಹೆದ್ರಿಕಿ ಆಯ್ಲಿಲ್ಯಾ?” ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ.

“ಆಯ್ತ್. ಅಬ್ಬಿಗೂ ಆಯ್ತ್. ಈಗ ಅನ್ನ ಉಣ್.”

ಅಷ್ಟೇ ಕಥೆ. ನೀತಿ ಇಲ್ಲ, ಆನೆ ಇಲ್ಲ, ರಾಜ ಇಲ್ಲ.

ಕಳೆದ ಮಾರ್ಚಿನಲ್ಲಿ ಊರ ಕಥೆಗಳನ್ನು ಸೇರಿಸಿ ಮಕ್ಕಳಿಗೆ ಪುಸ್ತಕ ಮಾಡುವ ಒಂದು ಸಂಸ್ಥೆಯವರು ಬಂದರು. ಸುಧೀರ್ ಎಂಬ ಹುಡುಗ ಅದರ ಮುಖ್ಯಸ್ಥ, ಒಳ್ಳೆ ಮಾತುಗಾರ. ಅವನನ್ನು ಪದ್ದಕ್ಕನ ಹತ್ತಿರ ಕರೆದುಕೊಂಡು ಹೋದವಳು ನಾನು. ಅವನು ಮೊಬೈಲ್ ಹಿಡಿದು ಕಥೆ ರೆಕಾರ್ಡ್ ಮಾಡಿದ, “ಅದ್ಭುತ ಅಮ್ಮಾ” ಎಂದು ಎರಡು ಸಲ ಹೇಳಿದ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಆ ಕಾಗದವನ್ನು ತುಂಬಿಸಿಕೊಟ್ಟವಳೂ ನಾನೇ. ‘ಅಗತ್ಯ ಬದಲಾವಣೆಗೆ ಒಪ್ಪಿಗೆ ಇದೆ’ ಎಂಬ ಸಾಲು ಅದರಲ್ಲಿತ್ತು. ಒತ್ತು ದೀರ್ಘ ಸರಿ ಮಾಡುತ್ತಾರೆ ಎಂದುಕೊಂಡೆ. ಹಿಂದಿನ ಶಾಲೆಗಳನ್ನೂ ಸೇರಿಸಿ ಇಪ್ಪತ್ತೈದು ವರ್ಷ ಪಾಠ ಹೇಳಿದವಳ ಬುದ್ಧಿ ಇದು.

ಡಿಸೆಂಬರಿನಲ್ಲಿ ಪುಸ್ತಕದ ಕಟ್ಟು ಬಂತು. ನಾನು ಮುಖಪುಟ ನೋಡಿ ನಕ್ಕೆ, ಒಳಗೆ ಓದಲಿಲ್ಲ. ಮೊಲ ಬೆಳ್ಳಗಿದ್ದರೆ ಏನು ಹೊಸದು? ನಮ್ಮ ಶಾಲೆಯ ಕಪಾಟಿನಲ್ಲಿರುವ ಪುಸ್ತಕಗಳಲ್ಲಿ ಇರುವ ಮೊಲಗಳೆಲ್ಲ ಬಿಳಿಯೇ. ಅವಕ್ಕೆಲ್ಲ ಕೆಂಪು ಕಣ್ಣು, ನೆಲದಡಿಯಲ್ಲಿ ಮನೆ, ಮನೆಗೆ ಬಾಗಿಲು, ಬಾಗಿಲಿಗೆ ಗಂಟೆ. ಪಾರೆಯಲ್ಲಿ ಓಡುವ ನಮ್ಮ ಮೊಲ ಬಿಲ ತೋಡುವುದೇ ಇಲ್ಲ, ಅದರ ಕುತ್ತಿಗೆಯ ಹಿಂದೆ ಮಸಿ ಬಳಿದಂತೆ ಕಪ್ಪು. ಅದನ್ನು ಯಾವ ಪುಸ್ತಕವೂ ಬರೆದಿಲ್ಲ. ನಾನೂ ಏನು ಕಮ್ಮಿಯಲ್ಲ. ಹತ್ತು ವರ್ಷದ ಹಿಂದೆ ಮಿಥುನ್ ಎಂಬ ಹುಡುಗ ಚಿತ್ರದ ಮೊಲಕ್ಕೆ ಕಂದು ಬಣ್ಣ ತುಂಬಿದ್ದ. ‘ಬಿಳಿ’ ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ತಿದ್ದಿದ್ದೆ. ಅವನು ಪಾರೆಯ ಮೇಲೆಯೇ ಮನೆ ಇದ್ದವನು. ನೆನಪಾದರೆ ನನ್ನ ಕೆನ್ನೆಗೆ ನಾನೇ ಎರಡು ಕೊಟ್ಟುಕೊಳ್ಳಬೇಕು ಅನಿಸುತ್ತದೆ.

ಅಜ್ಜಿಯ ಹೆಸರಿದೆ ಎಂದು ಪುಸ್ತಕವನ್ನು ಶ್ರಾವ್ಯಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ನಮ್ಮ ಕ್ಲಾಸಿನ ಕಿಟಕಿಯ ಆಚೆಗೇ ಅಡುಗೆಕೋಣೆ. ಒಗ್ಗರಣೆ ಹಾಕುತ್ತಿದ್ದ ಪದ್ದಕ್ಕ ಕಥೆ ಕೇಳಲೆಂದು ಗ್ಯಾಸ್ ಸಣ್ಣ ಮಾಡಿ ಬಂದು ಕಿಟಕಿಯ ಹತ್ತಿರ ನಿಂತಳು. ಮುಖ ಅರಳಿತ್ತು.

ಶ್ರಾವ್ಯ ಓದಿದಳು. ಒಂದು ಕಾಡಿನಲ್ಲಿ ಬಿಳಿ ಮೊಲ. ಸುಂದರವಾದ ಬಿಲ. ಒಂದು ದಿನ ಅಮ್ಮ ಮೊಲವು ಕ್ಯಾರೆಟ್ ತರುವ ಆಸೆಯಿಂದ ಮರಿಯನ್ನು ಒಂಟಿಯಾಗಿ ಬಿಟ್ಟು ಪೇಟೆಗೆ ಹೋಯಿತು. ನರಿ ಬಂತು. ಮರಿ ಅತ್ತಿತು. ಆನೆ ಓಡಿ ಬಂದು ಮರಿಯನ್ನು ಕಾಪಾಡಿತು. ಅಮ್ಮ ಮೊಲ ವಾಪಸು ಬಂದು ಮಂಡಿಯೂರಿ ಅತ್ತು ಹೇಳಿತು: ‘ಮಗು, ನನ್ನನ್ನು ಕ್ಷಮಿಸು. ನಿನ್ನನ್ನು ಬಿಟ್ಟು ಹೋದದ್ದು ನನ್ನ ತಪ್ಪು. ಇನ್ನೆಂದೂ ಹೋಗುವುದಿಲ್ಲ.’

ನಾನು ಕುರ್ಚಿಯಿಂದ ಎದ್ದೆ. ನಿಲ್ಲಿಸು ಎನ್ನುವ ಮೊದಲೇ ಹುಡುಗಿ ಪುಟ ತಿರುಗಿಸಿ ಅಭ್ಯಾಸದ ಪ್ರಶ್ನೆ ಓದಿಬಿಟ್ಟಳು: “ಒಂದು, ಅಮ್ಮ ಮೊಲ ಮಾಡಿದ ತಪ್ಪೇನು?”

“ಮರಿಯನ್ನು ಬಿಟ್ಟು ಹೋದದ್ದು!” ಇಡೀ ಕ್ಲಾಸು ಒಟ್ಟಿಗೆ ಕೂಗಿತು.

ಪದ್ದಕ್ಕ ಬಾಗಿಲಿಗೆ ಬಂದಳು, ಕೈಯಲ್ಲಿ ಸೌಟು ಇತ್ತು. “ಶ್ರಾವ್ಯಾ, ಅದ್ ಯಾರ್ ಕತಿ?”

“ನಿಂದೇ ಅಜ್ಜಿ. ನಿನ್ ಹೆಸ್ರ್ ಇತ್ತ್ ಕಾಣ್.”

ಪದ್ದಕ್ಕ ಪುಸ್ತಕ ತೆಗೆದುಕೊಂಡು ಮುಖಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಕೆಳಗಿದ್ದ ತನ್ನ ಹೆಸರನ್ನು ಬೆರಳಿಟ್ಟು ಓದಿದಳು. ಪುಸ್ತಕ ಹಿಂದೆ ಕೊಟ್ಟು ಒಲೆಯ ಹತ್ತಿರ ಹೋದಳು. ಆ ದಿನ ಅನ್ನ ಚೆಲ್ಲಿದ ಮಕ್ಕಳಿಗೆ ಬೈಗುಳ ಬೀಳಲಿಲ್ಲ.

ಊಟದ ಪಾತ್ರೆ ತೊಳೆದಾದ ಮೇಲೆ ಬಂದು ನನ್ನ ಮುಂದೆ ನಿಂತಳು. “ಟೀಚರೇ, ಆ ಪುಸ್ತಕ ನೀವ್ ಮೊದ್ಲ್ ಓದಿರಿಯಾ?”

“ಇಲ್ಲೆ ಪದ್ದಕ್ಕ.”

“ನಾ ಎಲ್ಲಿ ಮಂಡಿ ಊರಿದ್ದ್? ನಾ ಯಾರ್ ಹತ್ರ ಮಾಪ್ ಕೇಂಡಿದ್ದ್? ಪೇಟೆಗೆ ಕ್ಯಾರೆಟಿಗ್ ಹೋಯ್ತಂಬ್ರ್! ಅಪ್ಪ ಮೊಲ ಎಲ್ಲಿ ಹೋಯ್ತ್, ಅದ್ರ ತಪ್ಪೆಂತ ಅಂದ್ ಒಂದ್ ಪ್ರಶ್ನೆ ಹಾಕಿರಾ ಕಾಣಿ, ಎಲ್ಲಿಯಾದ್ರೂ?”

ಇರಲಿಲ್ಲ. ಇಡೀ ಪುಸ್ತಕದಲ್ಲಿ ಅಪ್ಪ ಮೊಲವೇ ಇರಲಿಲ್ಲ. ಮುಂಬೈಗೆ ಹೋದವನಿಗೆ ಪುಸ್ತಕದಲ್ಲೂ ರಿಯಾಯಿತಿ.

ಅಲ್ಲಿಯೇ ಸುಧೀರನಿಗೆ ಫೋನು ಹಚ್ಚಿದೆ. ಅವನು ಸಮಾಧಾನದಿಂದ ಹೇಳಿದ: “ಟೀಚರ್, ಮೂಲ ಕಥೆ ಚೆನ್ನಾಗಿತ್ತು, ಆದರೆ ಅಮ್ಮ ಮಗುವನ್ನು ಬಿಟ್ಟು ಹೋಗಿ ಅದೇ ಸರಿ ಎಂದರೆ ಮಕ್ಕಳಿಗೆ ತಪ್ಪು ಸಂದೇಶ ಹೋಗುತ್ತದಲ್ಲ? ಕಂದು ಮೊಲದ ಚಿತ್ರ ಬರೆಸಿ ನೋಡಿದೆವು, ಹೆಗ್ಗಣದ ಹಾಗೆ ಕಾಣುತ್ತಿತ್ತು.” ಮೊಲ ಹೆಗ್ಗಣದ ಹಾಗೆ ಕಂಡರೆ ಚಿತ್ರ ಬರೆದವನನ್ನು ಬದಲಿಸಬೇಕು, ಮೊಲವನ್ನಲ್ಲ ಎಂದೆ. ಹೆಸರು ತೆಗೆಯಿರಿ ಎಂದೆ. ಮೂರು ಸಾವಿರ ಪ್ರತಿ ಹೋಗಿಯಾಗಿದೆ, ಬೈಂದೂರು, ಕುಂದಾಪುರ, ಬ್ರಹ್ಮಾವರದ ಎಲ್ಲ ಶಾಲೆಗೂ ಮುಟ್ಟಿದೆ, ಮುಂದಿನ ಮುದ್ರಣದಲ್ಲಿ ನೋಡೋಣ ಎಂದ. ನಂತರ, “ಅವರಿಗೆ ಒಂದು ಸನ್ಮಾನ ಇಟ್ಟುಕೊಳ್ಳೋಣ ಅಂತಿದ್ದೇವೆ” ಎಂದ. ನಾನು ಫೋನು ಇಟ್ಟೆ. ಆಡಬಾರದ ಮಾತು ಬಾಯಿಗೆ ಬಂದಿತ್ತು, ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು ಕೂತಿದ್ದರು.

ಇಷ್ಟೇ ಆಗಿದ್ದರೆ ಸಿಟ್ಟು ಮಾಡಿ ಮುಗಿಸಬಹುದಿತ್ತು. ಶ್ರಾವ್ಯ ಆ ಪುಸ್ತಕವನ್ನು ಮನೆಗೆ ಒಯ್ದಳು. ಅಮಿತಾ ಓದಿದಳು.

ಮೂರನೆಯ ದಿನ ಮಧ್ಯಾಹ್ನ ಅಮಿತಾ ಶಾಲೆಗೆ ಬಂದಳು. ಪೇರೆಂಟ್ಸ್ ಮೀಟಿಂಗಿಗೂ ಕಷ್ಟದಲ್ಲಿ ಬರುವವಳು, ಸೀದಾ ಅಡುಗೆಕೋಣೆಗೆ ಹೋದಳು. ಬಾಳೆಎಲೆಯಲ್ಲಿ ಸುತ್ತಿದ ಕೊಟ್ಟೆ ಕಡುಬನ್ನು ಪದ್ದಕ್ಕನ ಮುಂದಿಟ್ಟಳು. “ಅಬ್ಬಿ, ತಣ್ಣಗಾಪು ಮೊದ್ಲ್ ತಿನ್” ಎಂದಳು.

ಅಬ್ಬಿ. ನಾನು ಕೇಳಿದೆ, ಪದ್ದಕ್ಕನೂ ಕೇಳಿದಳು. ತೊಳೆದಿಟ್ಟ ತರಕಾರಿಯ ಮಣೆಯನ್ನು ಅವಳು ಮತ್ತೊಮ್ಮೆ ತೊಳೆದಳು.

ಹೊರಡುವಾಗ ಅಮಿತಾ ನನ್ನ ಹತ್ತಿರ ಬಂದಳು, ಕಣ್ಣು ಕೆಂಪಾಗಿತ್ತು. “ನೀವ್ ಮಾಡ್ಸಿದ್ ಒಳ್ಳೇದಾಯ್ತ್ ಟೀಚರೇ. ಬಾಯಲ್ ಹೇಳುಕೆ ಆಯ್ಲಿಲ್ಲೆ ಅಬ್ಬಿಗೆ, ಪುಸ್ತಕದಲ್ಲಾರೂ ಹೇಳ್ತಲ್ಲ. ನಂಗ್ ಅಷ್ಟೇ ಬೇಕಿದ್ದಿತ್. ಒಂದ್ ಸಲ ತಪ್ಪಾಯ್ತ್ ಅಂಬ್ದ್.” ಅವಳು ನನ್ನ ಕೈ ಹಿಡಿದು ಒತ್ತಿದಳು. ನನಗೆ ಸತ್ಯ ಹೇಳುವ ಧೈರ್ಯ ಬರಲಿಲ್ಲ.

ಅಡುಗೆಕೋಣೆಗೆ ಹೋದರೆ ಪದ್ದಕ್ಕ ಕಡುಬು ಮುಟ್ಟದೆ ಕೂತಿದ್ದಳು.

“ಅಮಿತಾ ತಿಳ್ಕಂಡದ್ದ್ ಎಂತ ಅಂದ್ ಗೊತ್ತಾಯ್ತಾ ಟೀಚರೇ?”

“ಗೊತ್ತಾಯ್ತ್. ಸುಮ್ನಿರ್ ಪದ್ದಕ್ಕ. ಯಾರೋ ಎಂತೋ ಬರ್ದ್ರ್, ಅದ್ರಿಂದ ನಿಂಗೊಂದ್ ಒಳ್ಳೇದಾಯ್ತ್ ಅಂದ್ಕ. ಮಗ್ಳ್ ಬಂತಲ್ಲ.”

ಈ ಮಾತು ಹೇಳಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಪದ್ದಕ್ಕ ಕಡುಬು ಮುರಿದು ಬಾಯಿಗೆ ಹಾಕಿಕೊಂಡಳು.

ಎಂಟು ಹತ್ತು ದಿನ ಹಾಗೆಯೇ ನಡೆಯಿತು. ಅಮಿತಾ ದಿನ ಬಿಟ್ಟು ದಿನ ತಾಯಿಯ ಮನೆಗೆ ಬಂದಳು, ತಲೆಗೆ ಎಣ್ಣೆ ಹಾಕಿದಳು, ಕ್ರಿಸ್ಮಸ್ ರಜೆಯಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಸೀರೆ ತೆಗೆಸಿಕೊಟ್ಟಳು. ಪದ್ದಕ್ಕ ಎಲ್ಲವನ್ನೂ ನನಗೆ ಒಪ್ಪಿಸುತ್ತಿದ್ದಳು. ಹೇಳುವಾಗ ಮುಖದಲ್ಲಿ ಸುಖವೂ ಇತ್ತು, ಏನೋ ಕಳ್ಳತನ ಮಾಡಿದವಳ ಹೆದರಿಕೆಯೂ ಇತ್ತು. “ಅಬ್ಬಿ ಅಂದ್ ಕೇಂಬುಕೆ ಲಾಯ್ಕ್ ಇತ್ತ್ ಟೀಚರೇ. ಆರೆ ಅದ್ ಕರೂದ್ ನನ್ನನ್ನಲ್ಲ, ಆ ಮಂಡಿ ಊರಿದ್ ಮೊಲನ್ನ” ಎಂದಳು ಒಂದು ದಿನ. ನಾನು ಹಾಜರಿ ಪುಸ್ತಕ ಹುಡುಕುವವಳಂತೆ ನಟಿಸಿದೆ.

ಜನವರಿಯ ಮೊದಲ ಸೋಮವಾರ ಶ್ರಾವ್ಯ ಮತ್ತು ಇಬ್ಬರು ಹುಡುಗಿಯರು ಒಂದು ಚಪ್ಪಲಿ ಡಬ್ಬಿ ಹಿಡಿದು ಕ್ಲಾಸಿಗೆ ಬಂದರು. ಒಳಗೆ ಮೊಲದ ಮರಿ. ಕಂದು ಬಣ್ಣ, ನೆತ್ತಿಯ ಮೇಲೆ ಒಂದು ಬಿಳಿ ಚುಕ್ಕಿ, ಕಿವಿ ಬೆನ್ನಿಗೆ ಅಂಟಿಸಿಕೊಂಡು ಕೂತಿತ್ತು. ಪಕ್ಕದಲ್ಲಿ ಕ್ಯಾರೆಟ್ಟಿನ ಚೂರುಗಳು, ಬಾಟಲಿ ಮುಚ್ಚಳದಲ್ಲಿ ದನದ ಹಾಲು. ಹುಡುಗಿಯರ ಮುಖದಲ್ಲಿ ಆನೆಯ ಗತ್ತು.

“ಟೀಚರ್, ಪಾರೆ ಮೇಲೆ ಇದ್ದಿತ್. ಅಬ್ಬಿ ಮೊಲ ಇದನ್ನ ಬಿಟ್ಟಿಕ್ಕ್ ಹೋಯಿತ್. ತಪ್ಪ್ ಮಾಡ್ತ್ ಅದ್. ನಾವೇ ಸಾಕೂದ್.”

ಪಾರೆಯಲ್ಲಿ ಹುಟ್ಟಿದ ಮಕ್ಕಳು ಇವು. ಇವುಗಳ ಅಜ್ಜಿಯಂದಿರು ಹುಲ್ಲಿಗೆ ಗಂಟು ಹಾಕಿ ಕಾಪಾಡಿದ ಮರಿಯನ್ನು ಇವು ಪುಸ್ತಕ ಓದಿ, ಪ್ರೀತಿಯಿಂದ, ಕೊಲ್ಲಲು ತಂದಿದ್ದವು. ಪುಸ್ತಕ ಓದಿಸಿದ್ದು ನಾನು.

ಪದ್ದಕ್ಕ ಬಂದು ಡಬ್ಬಿಯೊಳಗೆ ನೋಡಿದಳು. ಹಾಲಿನ ಮುಚ್ಚಳ ಎತ್ತಿ ಕಿಟಕಿಯಿಂದ ಹೊರಗೆ ಚೆಲ್ಲಿದಳು, ಕ್ಯಾರೆಟ್ ಚೂರುಗಳನ್ನು ಆರಿಸಿ ತೆಗೆದಳು. ಗದರಿಸಲಿಲ್ಲ. “ಎಲ್ಲ್ ಸಿಕ್ಕಿದ್ದ್ ಅಂದ್ ಸಮಾ ನೆನ್ಪಿತ್ತಾ?” ಎಂದಷ್ಟೇ ಕೇಳಿದಳು. ಕೇಪಳದ ಗಿಡದ ಹತ್ತಿರ ಎಂದು ಶ್ರಾವ್ಯ ಹೇಳಿದಳು. ಡಬ್ಬಿಯನ್ನು ಅಕ್ಕಿಮೂಟೆಯ ಹಿಂದೆ ಕತ್ತಲಲ್ಲಿಟ್ಟು, ಸಂಜೆಯವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಶಾಲೆ ಬಿಟ್ಟ ಮೇಲೆ ಪದ್ದಕ್ಕ, ಶ್ರಾವ್ಯ, ನಾನು ಪಾರೆ ಹತ್ತಿದೆವು. ಉಳಿದ ಇಬ್ಬರನ್ನು ಮನೆಗೆ ಕಳಿಸಿದ್ದೆ. ನನ್ನ ಬಸ್ಸು ತಪ್ಪುತ್ತದೆ ಎಂದು ಗೊತ್ತಿತ್ತು, ತಪ್ಪಲಿ ಎಂದೆ. ಅರ್ಧ ಪಾರೆಯನ್ನು ಮಿಷನ್ ಬೋಳಿಸಿಯಾಗಿತ್ತು. ಕೇಪಳದ ಗಿಡದ ಬುಡದಲ್ಲಿ ಹುಲ್ಲು ಒಂದಿಷ್ಟು ಉಳಿದಿತ್ತು. ಪದ್ದಕ್ಕ ಅಂಗೈಗೆ ಹುಲ್ಲು ಉಜ್ಜಿಕೊಂಡು ಮರಿಯನ್ನು ಎತ್ತಿ ಅಲ್ಲಿ ಕೂರಿಸಿದಳು, ಸುತ್ತಲಿನ ಮುಳಿಗೆ ಗಂಟು ಹಾಕಿದಳು. ನಮ್ಮನ್ನು ನಮ್ಮ ವಾಸನೆ ಮರಿಯ ಕಡೆ ಹೋಗದಂತೆ ಗಾಳಿ ಬೀಸುವ ದಿಕ್ಕಿಗೆ ಸಾಕಷ್ಟು ದೂರ ಕರೆದುಕೊಂಡು ಹೋಗಿ ಒಂದು ಕಲ್ಲಿನ ಹಿಂದೆ ಕೂರಿಸಿದಳು.

ಹೊತ್ತು ಕಂತುವಾಗ ಅಮಿತಾ ಮಗಳನ್ನು ಹುಡುಕಿಕೊಂಡು ಏದುಸಿರು ಬಿಡುತ್ತ ಬಂದಳು. “ಎಂತ ಅಬ್ಬಿ ಇದ್? ಮನಿಗ್ ಹೇಳಿ ಕಳ್ಸುಕಾಗದಾ?” ಎಂದು ಶುರುಮಾಡಿದವಳನ್ನು ಪದ್ದಕ್ಕ ಕೈಹಿಡಿದು ಕೆಳಗೆ ಕೂರಿಸಿದಳು. “ಮಾತಾಡ್ಬ್ಯಾಡ. ಅಲ್ಲ್ ಕಾಣ್.”

ಬೋಳು ಪಾರೆಯ ಆಚೆ ಅಂಚಿನಿಂದ ಮೊಲ ಬಂತು. ಸೀದಾ ಬರಲಿಲ್ಲ. ಓಡಿತು, ನಿಂತಿತು, ಬೇರೆ ದಿಕ್ಕಿಗೆ ಹಾರಿತು, ಕಿವಿ ನೆಟ್ಟಗೆ ಮಾಡಿ ಕೇಳಿತು. ಗಂಟು ಹಾಕಿದ ಹುಲ್ಲಿನ ಹತ್ತಿರ ಬಂದು ತಗ್ಗಿತು. ಮರಿ ಅದರ ಹೊಟ್ಟೆಯ ಕೆಳಗೆ ನುಗ್ಗಿದ್ದು ನಮಗೆ ಕಂಡಿತು. ಐದು ನಿಮಿಷ ಆಗಿರಬಹುದು. ತಾಯಿ ಎದ್ದಿತು, ಮರಿಯನ್ನು ಅಲ್ಲಿಯೇ ಬಿಟ್ಟು ಬಂದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಓಡಿಹೋಯಿತು.

“ಮತ್ತ್ ಬಿಟ್ಟಿಕ್ಕ್ ಹೋಯ್ತಲ್ಲ ಅಜ್ಜಿ!” ಎಂದಳು ಶ್ರಾವ್ಯ.

“ಹೋಯ್ಕ್ ಮಗಾ. ಇಲ್ದಿರೆ ಆ ಮರಿ ಉಳೂದಿಲ್ಲೆ.”

ಅದಾದ ಮೇಲೆ ಪದ್ದಕ್ಕ ಮಗಳ ಕಡೆ ತಿರುಗಿದಳು. ನಾನು ಬೇಡ ಎಂದು ಕೈ ಸನ್ನೆ ಮಾಡಿದೆ. ಅವಳು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

“ಅಮಿತಾ, ನಾ ಹೇಳ್ದ್ ಕತಿ ಇದ್. ಆ ಪುಸ್ತಕದ್ದಲ್ಲ. ಅದನ್ನ ಯಾರೋ ತಿರ್ಚಿ ಬರ್ದ್ರ್. ತಪ್ಪಾಯ್ತ್ ಅಂದ್ ನಾ ಹೇಳಲಿಲ್ಲೆ.”

ಅಮಿತಾ ತಾಯಿಯ ಮುಖವನ್ನೇ ನೋಡಿದಳು. “ಹಂಗಾರೆ ನಿಂಗ್ ಬೇಜಾರೇ ಇಲ್ಯಾ?” ಎಂದಳು.

“ಬೇಜಾರ್ ಇತ್ತ್. ಹೊಟ್ಟಿ ಹರ್ಕಂಡ್ ಹೋಪಷ್ಟ್ ಇತ್ತ್. ಬೇಜಾರ್ ಬೇರೆ, ತಪ್ಪ್ ಬೇರೆ. ನಾ ಹೋಗ್ದೆ ಇದ್ದಿರೆ ನೀನೂ ಇರೂದಿಲ್ಲೆ, ನನ್ ಅಬ್ಬಿಯೂ ಇರೂದಿಲ್ಲೆ.”

“ಸುಮ್ನಿದ್ದಿರೆ ಆತಿತ್ತಲ್ಲ ನಿಂಗೆ. ನಾ ಎಲ್ಲಾ ಮರ್ತಿದ್ದೆ.” ಅಮಿತಾ ತಾಯಿಯ ಕೈ ಬಿಡಿಸಿಕೊಂಡಳು.

“ಮರ್ತದ್ದಲ್ಲ ಹೆಣ್ಣೆ, ಮಾಪ್ ಮಾಡಿದ್ದ್. ಮಾಡದ್ ತಪ್ಪಿಗೆ ಮಾಪ್ ತಕಂಡ್ ನಿನ್ ಹತ್ರ ಅಬ್ಬಿ ಅನ್ಸ್ಕಂಬುಕೆ ನಂಗ್ ಮನ್ಸ್ ಬತ್ತಿಲ್ಲೆ. ಇದ್ರ ಎದ್ರ್ ಹ್ಯಾಂಗೆ ಹೇಳೂದ್ ನಾ?” ಅವಳು ಶ್ರಾವ್ಯಳ ತಲೆ ಮುಟ್ಟಿದಳು. “ನಾಳೆ ಇದ್ಕೂ ದುಡೂಕ್ ಹೋಯ್ಕಾತ್ತ್. ಆಗ ಇದೂ ಮಂಡಿ ಊರ್ಕಾ?”

ಅಮಿತಾ ಎದ್ದಳು, ಮಗಳ ಕೈ ಹಿಡಿದಳು, ಪಾರೆ ಇಳಿಯತೊಡಗಿದಳು. ನನಗೆ ಆ ಹುಡುಗ ಸುಧೀರನ ಮೇಲೆ, ನನ್ನ ಮೇಲೆ, ತಪ್ಪೇನು ಎಂದು ಕೇಳಲು ಕಲಿಸಿದ ಎಲ್ಲ ಪುಸ್ತಕಗಳ ಮೇಲೆ ಒಟ್ಟಿಗೆ ಸಿಟ್ಟು ಬಂತು, ಅಳುವೂ ಬಂತು. ಎಂಟು ಹತ್ತು ದಿನ ಸಿಕ್ಕಿದ ಮಗಳು ಅಲ್ಲಿ ಕೆಳಗೆ ಹೋಗುತ್ತಿದ್ದಳು. ಪದ್ದಕ್ಕ ಮೊಣಕಾಲು ಒತ್ತಿ ಎದ್ದು, ಸೀರೆಗೆ ಹತ್ತಿದ ಹುಲ್ಲು ಕೊಡವಿಕೊಂಡಳು.

ಇಪ್ಪತ್ತು ಮಾರು ಕೆಳಗೆ ಅಮಿತಾ ನಿಂತಳು. ನಮ್ಮ ಕಡೆ ತಿರುಗಿದಳು.

“ಪದ್ದು, ಗೋವಾದಲ್ಲ್ ನೀ ಎಲ್ಲ್ ಮಲ್ಗ್ತಿದ್ದೆ?”

ಮೂವತ್ತು ಚಿಲ್ಲರೆ ವರ್ಷದಲ್ಲಿ ಊರಿನಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಶೆಡ್ಡಲ್ಲೇ. ಐಸಿನ್ ಪೆಟ್ಟಿಗಿ ಮೇಲ್ ಹಲ್ಗಿ ಹಾಕ್ಕಂಡ್. ಇಪ್ಪತ್ತೆರಡ್ ಹೆಂಗ್ಸ್ರ್ ಇದ್ದಿತ್.”

“ಚಳಿ ಆತಿರ್ಲಿಲ್ಯಾ?”

“ಆತಿತ್ತ್” ಎಂದಳು ಪದ್ದಕ್ಕ.